ಸರ್ಟಿಫಿಕೇಟ್ ಇದೆ, ಅನುಭವ ಇಲ್ಲ: ಮೊದಲ ಕಂಪ್ಯೂಟರ್ ಸಪೋರ್ಟ್ ಕೆಲಸ ಹಿಡಿಯುವುದು ಹೇಗೆ?

ಪ್ರಶ್ನೆ: ಕಾಂಪ್ಟಿಯಾ ಸಂಸ್ಥೆಯ ಎ ಪ್ಲಸ್ ಸರ್ಟಿಫಿಕೇಟ್‌ನ (ಕಂಪ್ಯೂಟರ್ ಸಪೋರ್ಟ್‌ನ ಆರಂಭದ ಹಂತದ್ದು) ಎರಡೂ ಪರೀಕ್ಷೆ ಪಾಸಾಗಿದ್ದೇನೆ, ಗೂಗಲ್‌ನ ಐಟಿ ಸಪೋರ್ಟ್ ಕೋರ್ಸೂ ಮುಗಿದಿದೆ. ಅನುಭವ ಅಂತ ಹೇಳಿಕೊಳ್ಳಲು ಇರುವುದು ಅಂಗಡಿಯ ಕೌಂಟರ್‌ನಲ್ಲಿ ಎರಡು ವರ್ಷ ಮಾಡಿದ ಕೆಲಸ ಮತ್ತು ಬಂಧುಬಳಗದವರ ಲ್ಯಾಪ್‌ಟಾಪ್ ಸರಿಮಾಡಿಕೊಟ್ಟದ್ದು, ಅಷ್ಟೆ. ಹೊಸಬರಿಗೆ ಎಂದು ಬರೆದ ಜಾಹೀರಾತಿನಲ್ಲೂ ಒಂದೆರಡು ವರ್ಷದ ಅನುಭವ ಕೇಳುತ್ತಾರೆ. ಕರೆದ ಎರಡು ಸಂದರ್ಶನಗಳಲ್ಲೂ 'ನಿಜವಾದ ಅನುಭವ ಏನಿದೆ?' ಎಂಬಲ್ಲಿಗೆ ಮಾತು ನಿಂತಿತು. ಈಗ ನೆಟ್‌ವರ್ಕ್ ಪ್ಲಸ್ ಅಥವಾ ಸಿಸಿಎನ್‌ಎ ಎಂಬ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಮಾಡಿಕೊಂಡರೆ ಕೆಲಸ ಸಿಗುತ್ತದೆಯೇ?

ಉತ್ತರ: ಈಗಲೇ ಮೂರನೆಯ ಸರ್ಟಿಫಿಕೇಟ್‌ಗೆ ಹಣ ಕಟ್ಟಬೇಡಿ. ಎರಡು ಕಡೆ ಸಂದರ್ಶನಕ್ಕೆ ಕರೆದಿದ್ದಾರೆ ಅಂದರೆ ಎ ಪ್ಲಸ್ ತಾನು ಮಾಡಬೇಕಾದ ಕೆಲಸವನ್ನು ಮಾಡಿದೆ, ನಿಮ್ಮ ಅರ್ಜಿಯನ್ನು ಮೊದಲ ಜರಡಿ ದಾಟಿಸಿದೆ. ನೀವು ಸಿಕ್ಕಿಹಾಕಿಕೊಂಡಿರುವುದು ಅದರ ಮುಂದಿನ ಹಂತದಲ್ಲಿ. ಅಲ್ಲಿ ಇನ್ನೊಂದು ಸರ್ಟಿಫಿಕೇಟ್ ತೋರಿಸಿದರೂ ಅದೇ ಪ್ರಶ್ನೆ ಬರುತ್ತದೆ.

ಆ ಪ್ರಶ್ನೆಯ ಹಿಂದಿರುವ ಆತಂಕವನ್ನು ಅರ್ಥಮಾಡಿಕೊಳ್ಳಿ. ಕೆಲಸಕ್ಕೆ ತೆಗೆದುಕೊಳ್ಳುವ ಮ್ಯಾನೇಜರ್‌ಗೆ ನಿಮಗೆ ರ್‍ಯಾಮ್ ಎಂದರೇನು ಗೊತ್ತಿದೆಯೇ ಎಂಬ ಅನುಮಾನವಿಲ್ಲ. ಮೀಟಿಂಗ್ ಶುರುವಾಗಲು ಹತ್ತು ನಿಮಿಷ ಇರುವಾಗ ಲಾಗಿನ್ ಆಗದೆ ಸಿಟ್ಟಾಗಿರುವ ಒಬ್ಬ ಉದ್ಯೋಗಿಯ ಜೊತೆ ನಿಮ್ಮೊಬ್ಬರನ್ನೇ ಬಿಟ್ಟರೆ ಏನು ಮಾಡುತ್ತೀರಿ, ಕ್ರಮವಾಗಿ ಹುಡುಕುತ್ತೀರೋ ಸಿಕ್ಕಿದ್ದನ್ನೆಲ್ಲ ಕ್ಲಿಕ್ ಮಾಡುತ್ತೀರೋ, ಮಾಡಿದ್ದನ್ನು ಬರೆದಿಡುತ್ತೀರೋ, ಗೊತ್ತಾಗದಿದ್ದಾಗ ಸರಿಯಾದ ಹೊತ್ತಿಗೆ ಮೇಲಿನವರಿಗೆ ಒಪ್ಪಿಸುತ್ತೀರೋ, ಇದು ಅವರ ಚಿಂತೆ. 'ಒಂದೆರಡು ವರ್ಷದ ಅನುಭವ' ಎಂಬ ಸಾಲು ಅನೇಕ ಜಾಹೀರಾತುಗಳಲ್ಲಿ ಈ ಚಿಂತೆಗೆ ಹಾಕಿದ ಬೇಲಿ. ಸಂಬಳ ಕೊಡುವ ಕೆಲಸದ ಹೊರಗೂ ಇದಕ್ಕೆ ಪುರಾವೆ ಕೊಡಬಹುದು. ಕೆಲವು ವಾರಗಳ ಶ್ರಮ ಬೇಕು, ಅಷ್ಟೆ.

ಮೊದಲು ಮನೆಯಲ್ಲೇ ಒಂದು ಪುಟ್ಟ ಕಚೇರಿಯನ್ನು ಅಭ್ಯಾಸದ ಲ್ಯಾಬ್ ಆಗಿ ಕಟ್ಟಿ. ಬಂಧುಗಳ ಲ್ಯಾಪ್‌ಟಾಪ್ ಸರಿಮಾಡುವುದಕ್ಕೂ ಕಂಪನಿಯ ಸಪೋರ್ಟ್ ಕೆಲಸಕ್ಕೂ ಇರುವ ದೊಡ್ಡ ಅಂತರ ಎಂದರೆ ಡೊಮೇನ್. ಕಂಪನಿಗಳಲ್ಲಿ ಬಳಕೆದಾರರ ಖಾತೆ, ಪಾಸ್‌ವರ್ಡ್, ಪ್ರಿಂಟರ್, ಫೋಲ್ಡರ್ ಅನುಮತಿ ಎಲ್ಲವನ್ನೂ ಒಂದೇ ಕಡೆಯಿಂದ ನಿಭಾಯಿಸುತ್ತಾರೆ. ವಿಂಡೋಸ್ ಇರುವ ಕಡೆ ಅದು ಬಹುತೇಕ ಆಕ್ಟಿವ್ ಡೈರೆಕ್ಟರಿ, ಇಲ್ಲವೇ ಅದರ ಕ್ಲೌಡ್ ರೂಪವಾದ ಎಂಟ್ರಾ ಐಡಿ (2023ರವರೆಗೆ ಇದರ ಹೆಸರು ಅಜೂರ್ ಎಡಿ ಎಂದಿತ್ತು, ಹಳಬರು ಈಗಲೂ ಹಾಗೇ ಕರೆಯುತ್ತಾರೆ). ಎ ಪ್ಲಸ್ ಓದುವಾಗ ಇದರ ಪರಿಚಯವಾಗಿರುತ್ತದೆ, ಆದರೆ ಕೈ ಪಳಗಿರುವುದಿಲ್ಲ.

16 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿಯಲ್ಲಿ 150 ಜಿಬಿಯಷ್ಟು ಖಾಲಿ ಜಾಗ ಇರುವ ಯಾವುದೇ ಕಂಪ್ಯೂಟರ್ ಸಾಕು. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ಸ್) ವರ್ಚುವಲೈಸೇಶನ್, ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನಷ್ಟು ಕಂಪ್ಯೂಟರ್ ನಡೆಸುವ ಸೌಲಭ್ಯ, ಆನ್ ಇದೆಯೇ ನೋಡಿ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಎಂಬ ಹೆಸರಿನಲ್ಲಿರುತ್ತದೆ. ಅಂಥ ವರ್ಚುವಲ್ ಯಂತ್ರಗಳನ್ನು ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಉಚಿತ. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಸರ್ವರನ್ನು 180 ದಿನ, ವಿಂಡೋಸ್ 11 ಎಂಟರ್‌ಪ್ರೈಸನ್ನು 90 ದಿನ ಪ್ರಯೋಗಕ್ಕೆಂದು ಉಚಿತವಾಗಿ ಕೊಡುತ್ತದೆ. ಎರಡಕ್ಕೂ ಒಂದೊಂದು ವರ್ಚುವಲ್ ಯಂತ್ರ ಮಾಡಿ: ಸರ್ವರ್‌ಗೆ 4 ಜಿಬಿ ರ್‍ಯಾಮ್ ಕೊಡಿ, ವಿಂಡೋಸ್ 11ಕ್ಕೂ 4 ಜಿಬಿ ಮತ್ತು 64 ಜಿಬಿ ಡಿಸ್ಕ್. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಚಿಪ್) ಬೇಕು, ವರ್ಚುವಲ್‌ಬಾಕ್ಸ್ 7ರಿಂದೀಚೆಗೆ ಅದನ್ನು ಸೆಟ್ಟಿಂಗ್ಸ್‌ನಲ್ಲೇ ಆನ್ ಮಾಡಬಹುದು. ಹೋಮ್ ಆವೃತ್ತಿಯನ್ನು ಹಾಕಿಕೊಂಡರೆ ಡೊಮೇನ್‌ಗೆ ಸೇರಿಸಲು ಆಗುವುದೇ ಇಲ್ಲ, ಹಾಗಾಗಿ ಎಂಟರ್‌ಪ್ರೈಸ್ ಅಥವಾ ಪ್ರೊ ಬೇಕು.

ಎರಡೂ ಯಂತ್ರಗಳನ್ನು ವರ್ಚುವಲ್‌ಬಾಕ್ಸ್‌ನ 'ಇಂಟರ್ನಲ್ ನೆಟ್‌ವರ್ಕ್'ಗೆ ಸೇರಿಸಿ. ಬ್ರಿಡ್ಜ್ ಮಾಡಿದರೆ, ಅಂದರೆ ಮನೆಯ ನೆಟ್‌ವರ್ಕ್‌ಗೇ ಜೋಡಿಸಿದರೆ, ನಿಮ್ಮ ಸರ್ವರ್‌ನ ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಸೇವೆ) ಮನೆಯ ರೌಟರ್ ಜೊತೆ ಜಗಳಕ್ಕೆ ಬಿದ್ದು ಮನೆಯವರ ಫೋನುಗಳಿಗೆಲ್ಲ ತಪ್ಪು ಐಪಿ ಹಂಚಬಹುದು. ಸರ್ವರ್‌ಗೆ ಸ್ಥಿರ ಐಪಿ ಕೊಟ್ಟು, ಡೊಮೇನ್ ಕಂಟ್ರೋಲರ್ (ಡೊಮೇನ್‌ನ ಖಾತೆಗಳನ್ನು ನಿಭಾಯಿಸುವ ಸರ್ವರ್) ಆಗಿ ಏರಿಸಿ, ಡಿಎಚ್‌ಸಿಪಿ ಸೇರಿಸಿ. ನಂತರ ವಿಂಡೋಸ್ 11 ಯಂತ್ರವನ್ನು ಡೊಮೇನ್‌ಗೆ ಸೇರಿಸಿ. ಹೊಸಬರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ, 'ಡೊಮೇನ್ ಕಂಟ್ರೋಲರ್ ಸಿಗಲಿಲ್ಲ' ಎಂಬ ದೋಷದಲ್ಲಿ. ಬಹುತೇಕ ಸಲ ಕಾರಣ ಒಂದೇ: ಯಂತ್ರದ ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿಕೊಡುವ ಸೇವೆ) ವಿಳಾಸ ಡೊಮೇನ್ ಕಂಟ್ರೋಲರ್‌ನದ್ದಾಗಿರುವುದಿಲ್ಲ. ಡೊಮೇನ್ ಎಲ್ಲಿದೆ ಎಂಬುದನ್ನು ವಿಂಡೋಸ್ ಹುಡುಕುವುದೇ ಡಿಎನ್‌ಎಸ್ ಮೂಲಕ, ಹೊರಗಿನ ಡಿಎನ್‌ಎಸ್‌ಗೆ ನಿಮ್ಮ ಡೊಮೇನ್‌ನ ಹೆಸರೇ ಗೊತ್ತಿರುವುದಿಲ್ಲ. ಈ ಒಂದು ಸಂಗತಿಯನ್ನು ಕೈಯಾರೆ ಅನುಭವಿಸಿ ತಿಳಿದವರು ಸಂದರ್ಶನದಲ್ಲಿ ಮಾತಾಡುವ ರೀತಿಯೇ ಬೇರೆ ಇರುತ್ತದೆ.

ಲ್ಯಾಬ್ ಕಟ್ಟಿ ಮುಗಿಸುವುದು ಕೆಲಸದ ಕಾಲು ಭಾಗ ಮಾತ್ರ. ಅನೇಕರು ಇಲ್ಲಿಗೇ ನಿಲ್ಲಿಸಿ 'ಆಕ್ಟಿವ್ ಡೈರೆಕ್ಟರಿ ಗೊತ್ತು' ಎಂದು ರೆಸ್ಯೂಮೆಯಲ್ಲಿ ಬರೆಯುತ್ತಾರೆ, ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಮುಕ್ಕಾಲು ಭಾಗ ಇರುವುದು ಕೆಡಿಸಿ ಸರಿಮಾಡುವುದರಲ್ಲಿ. ಎಲ್1, ಅಂದರೆ ಮೊದಲ ಹಂತದ ಸಪೋರ್ಟ್ ಮೇಜಿಗೆ ದಿನವೂ ಬರುವಂಥ ತೊಂದರೆಗಳನ್ನೇ ಆರಿಸಿಕೊಳ್ಳಿ.

ಖಾತೆ ಲಾಕ್ ಆಗುವುದರಿಂದ ಶುರುಮಾಡಿ. ಗ್ರೂಪ್ ಪಾಲಿಸಿಯಲ್ಲಿ (ಡೊಮೇನ್‌ನ ಎಲ್ಲರಿಗೂ ಒಟ್ಟಿಗೆ ನಿಯಮ ಹಾಕುವ ಜಾಗ) ಲಾಕ್‌ಔಟ್ ಮಿತಿಯನ್ನು 5 ಎಂದು ಇಟ್ಟು, ಬೇಕೆಂದೇ ತಪ್ಪು ಪಾಸ್‌ವರ್ಡ್ ಹೊಡೆದು ಖಾತೆಯನ್ನು ಲಾಕ್ ಮಾಡಿ. ಅನ್‌ಲಾಕ್ ಮಾಡುವುದು ಒಂದು ಕ್ಲಿಕ್ಕಿನ ಕೆಲಸ. ಆದರೆ ಕಚೇರಿಯಲ್ಲಿ ಅನ್‌ಲಾಕ್ ಮಾಡಿದ ಅರ್ಧ ಗಂಟೆಗೆ ಅದೇ ವ್ಯಕ್ತಿ ಮತ್ತೆ ಕರೆ ಮಾಡುತ್ತಾರೆ. ಏಕೆಂದರೆ ಅವರು ಪಾಸ್‌ವರ್ಡ್ ಬದಲಿಸಿದ ಮೇಲೂ ಫೋನಿನ ಮೇಲ್ ಆ್ಯಪ್, ಸೇವ್ ಆಗಿರುವ ನೆಟ್‌ವರ್ಕ್ ಡ್ರೈವ್ ಅಥವಾ ಮುಚ್ಚದೆ ಬಿಟ್ಟ ರಿಮೋಟ್ ಸೆಷನ್ ಹಳೆಯ ಪಾಸ್‌ವರ್ಡನ್ನೇ ಪದೇಪದೇ ಕಳಿಸುತ್ತಿರುತ್ತದೆ. ಡೊಮೇನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ ಈವೆಂಟ್ 4740 ತೆರೆದರೆ ಯಾವ ಯಂತ್ರದಿಂದ ಲಾಕ್ ಆಯಿತು ಎಂಬ ಹೆಸರು ಸಿಗುತ್ತದೆ. ಅಲ್ಲಿಂದ ಆ ಯಂತ್ರದಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳಿರುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ ಹೋಗಿ ಹಳೆಯದನ್ನು ಅಳಿಸಬೇಕು. ಸಂದರ್ಶನದಲ್ಲಿ 'ಅನ್‌ಲಾಕ್ ಮಾಡುತ್ತೇನೆ' ಎನ್ನುವವರು ಬಹಳ ಜನ ಸಿಗುತ್ತಾರೆ. 'ಎಲ್ಲಿಂದ ಲಾಕ್ ಆಗುತ್ತಿದೆ ಎಂದು 4740 ನೋಡುತ್ತೇನೆ' ಎನ್ನುವವರು ಅಪರೂಪ.

ಆಮೇಲೆ ಫೋಲ್ಡರ್ ಅನುಮತಿ. ಒಂದು ಫೋಲ್ಡರನ್ನು ಶೇರ್ ಮಾಡಿ, ಶೇರ್ ಅನುಮತಿಯಲ್ಲಿ ಬರೀ ಓದಲು ಬಿಟ್ಟು, ಎನ್‌ಟಿಎಫ್‌ಎಸ್‌ನಲ್ಲಿ (ಡಿಸ್ಕ್‌ನಲ್ಲಿರುವ ಫೋಲ್ಡರಿನದೇ ಅನುಮತಿ) ಪೂರ್ಣ ಅಧಿಕಾರ ಕೊಡಿ. ನೆಟ್‌ವರ್ಕ್ ಮೂಲಕ ಬಂದವರಿಗೆ ಫೈಲ್ ಉಳಿಸಲು ಆಗುವುದಿಲ್ಲ, ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಇನ್ನೊಂದು ಪ್ರಯೋಗ: ಬಳಕೆದಾರರನ್ನು ಸರಿಯಾದ ಗ್ರೂಪ್‌ಗೆ ಸೇರಿಸಿದ ಮೇಲೂ ಫೋಲ್ಡರ್ ತೆರೆಯದಿರುವುದನ್ನು ನೋಡಿ. ಯಾವ ಗ್ರೂಪ್‌ನಲ್ಲಿ ಯಾರಿದ್ದಾರೆ ಎಂಬ ಲೆಕ್ಕವನ್ನು ವಿಂಡೋಸ್ ಲಾಗಿನ್ ಆಗುವ ಹೊತ್ತಿನಲ್ಲಿ ಮಾಡಿಕೊಳ್ಳುತ್ತದೆ, ಆದ್ದರಿಂದ ಲಾಗ್ ಆಫ್ ಆಗಿ ಮತ್ತೆ ಬರಬೇಕು. ಸ್ಕ್ರೀನ್ ಲಾಕ್ ಮಾಡಿ ತೆರೆದರೆ ಸಾಲದು.

ನೆಟ್‌ವರ್ಕ್ ತೊಂದರೆಗೆ ಡಿಎಚ್‌ಸಿಪಿ ಸೇವೆಯನ್ನು ನಿಲ್ಲಿಸಿ ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಐಪಿಕಾನ್ಫಿಗ್ ಆಜ್ಞೆ ಕೊಟ್ಟಾಗ 169.254ರಿಂದ ಶುರುವಾಗುವ ವಿಳಾಸ ಕಂಡರೆ ಯಂತ್ರಕ್ಕೆ ಡಿಎಚ್‌ಸಿಪಿ ಸಿಕ್ಕಿಲ್ಲ ಎಂದರ್ಥ. ಇನ್ನೊಮ್ಮೆ ಡಿಎನ್‌ಎಸ್ ವಿಳಾಸವನ್ನು ತಪ್ಪಾಗಿ ಹಾಕಿ ನೋಡಿ: ಐಪಿಗೆ ಪಿಂಗ್ (ತಲುಪುತ್ತದೆಯೇ ಎಂಬ ಪರೀಕ್ಷೆ) ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ಗುರುತಿಸುವುದು ಕಲಿತರೆ 'ಇಂಟರ್ನೆಟ್ ಬರ್ತಿಲ್ಲ' ಎನ್ನುವ ದೂರುಗಳ ದೊಡ್ಡ ಪಾಲನ್ನು ನಿಭಾಯಿಸಬಹುದು.

ಪ್ರಿಂಟರ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಕ್ಯೂ ಸಿಕ್ಕಿಕೊಂಡಾಗ ಪ್ರಿಂಟ್ ಸ್ಪೂಲರ್ ಸೇವೆ ನಿಲ್ಲಿಸಿ, ಸಿಸ್ಟಮ್32 ಒಳಗಿನ ಸ್ಪೂಲ್ ಫೋಲ್ಡರ್‌ನಲ್ಲಿರುವ ಪ್ರಿಂಟರ್ಸ್ ಫೋಲ್ಡರನ್ನು ಖಾಲಿಮಾಡಿ ಸೇವೆಯನ್ನು ಮತ್ತೆ ಶುರುಮಾಡುವುದು ಬಂದರೆ ಸಾಕು. ವಿಂಡೋಸ್ ಫೈಲುಗಳು ಕೆಟ್ಟಾಗ ಮೊದಲು ಡಿಐಎಸ್‌ಎಂ ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಎಂಬ ಆಜ್ಞೆಗಳ ಕ್ರಮ ನೆನಪಿರಲಿ. ಕೆಟ್ಟ ಫೈಲುಗಳ ಬದಲಿಗೆ ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತೆಗೆದುಕೊಳ್ಳುವ ಸಂಗ್ರಹವನ್ನು ದುರಸ್ತಿ ಮಾಡುವುದು ಡಿಐಎಸ್‌ಎಂ. ಹಾಗೆಯೇ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಂಡ ಕೂಡಲೇ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಭಾಗ) ಹೋಗಿದೆ ಎಂದು ತೀರ್ಮಾನಿಸಬೇಡಿ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯಿತು ಎಂದಷ್ಟೇ ಅದು ಹೇಳುತ್ತದೆ, ಕಾರಣವನ್ನು ಬೇರೆಡೆ ಹುಡುಕಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಪ್ರತಿಯೊಂದನ್ನೂ ಟಿಕೆಟ್ ಆಗಿ, ಅಂದರೆ ದೂರು ಮತ್ತು ಅದಕ್ಕೆ ಮಾಡಿದ ಕೆಲಸದ ದಾಖಲೆಯಾಗಿ, ಬರೆಯಿರಿ. ಜಿಎಲ್‌ಪಿಐ ಅಥವಾ ಓಎಸ್‌ಟಿಕೆಟ್ ಎಂಬ ಉಚಿತ ತಂತ್ರಾಂಶಗಳನ್ನು ಇನ್ನೊಂದು ವರ್ಚುವಲ್ ಯಂತ್ರದಲ್ಲಿ ಹಾಕಿಕೊಳ್ಳಬಹುದು. ಅದು ಕಷ್ಟವೆನಿಸಿದರೆ ಒಂದು ಸ್ಪ್ರೆಡ್‌ಶೀಟ್ ಸಾಕು. ಬರೆಯುವ ರೀತಿ ಹೀಗಿರಲಿ: 'ಬಳಕೆದಾರರು ಹೇಳಿದ್ದು: ಬೆಳಗಿನಿಂದ ಖಾತೆ ಮೂರು ಸಲ ಲಾಕ್ ಆಗಿದೆ. ವ್ಯಾಪ್ತಿ: ಒಬ್ಬರಿಗೆ ಮಾತ್ರ. ಇತ್ತೀಚಿನ ಬದಲಾವಣೆ: ನಿನ್ನೆ ಪಾಸ್‌ವರ್ಡ್ ಬದಲಿಸಿದ್ದಾರೆ. ಪರಿಶೀಲನೆ: 4740ರಲ್ಲಿ ಅವರದೇ ಲ್ಯಾಪ್‌ಟಾಪ್‌ನ ಹೆಸರಿದೆ, ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಫೈಲ್ ಸರ್ವರ್‌ನ ಹಳೆಯ ಪಾಸ್‌ವರ್ಡ್ ಸಿಕ್ಕಿತು. ಪರಿಹಾರ: ಹಳೆಯದನ್ನು ಅಳಿಸಿ, ಖಾತೆ ಅನ್‌ಲಾಕ್ ಮಾಡಿ, ಡ್ರೈವ್ ಮತ್ತೆ ಜೋಡಿಸಲಾಯಿತು. ಖಚಿತಪಡಿಸಿದ್ದು: ಒಂದು ಗಂಟೆಯ ನಂತರವೂ ಲಾಕ್ ಆಗಿಲ್ಲ.' ನಿಮ್ಮ ಟಿಪ್ಪಣಿ ಓದಿದ ಇನ್ನೊಬ್ಬರು ನಿಮ್ಮನ್ನು ಕೇಳದೆಯೇ ಕೆಲಸ ಮುಂದುವರಿಸಲು ಸಾಧ್ಯವಾಗಬೇಕು, ಅದೇ ಅಳತೆ. 'ಸಮಸ್ಯೆ ಬಗೆಹರಿಯಿತು' ಎಂಬ ಎರಡೇ ಪದದ ಟಿಕೆಟ್ ಯಾವ ಮ್ಯಾನೇಜರ್‌ಗೂ ಇಷ್ಟವಾಗುವುದಿಲ್ಲ. ಇಂಥ ಇಪ್ಪತ್ತು ಟಿಕೆಟ್ ಕೂಡಿದಾಗ ಅವುಗಳಲ್ಲಿ ಉತ್ತಮವಾದ ಐದಾರನ್ನು ಒಂದು ಪುಟ್ಟ ದಾಖಲೆಯಾಗಿ ಮಾಡಿ. ರೆಸ್ಯೂಮೆಯಲ್ಲಿ ಅದರ ಕೊಂಡಿ ಕೊಡಿ, ಸಂದರ್ಶನಕ್ಕೆ ಹೋಗುವಾಗ ಪ್ರಿಂಟ್ ತೆಗೆದುಕೊಂಡು ಹೋಗಿ.

ಲ್ಯಾಬ್‌ನಲ್ಲಿ ಸಿಗದ ಒಂದು ಅಂಶವಿದೆ: ಮನುಷ್ಯರು. ಅದಕ್ಕೆ ಗ್ರಂಥಾಲಯ, ಸಣ್ಣ ಶಾಲೆ, ಸೇವಾ ಸಂಸ್ಥೆ ಇಂಥ ಕಡೆ ವಾರಕ್ಕೆ ಕೆಲವು ಗಂಟೆ ಸಹಾಯ ಮಾಡುತ್ತೇನೆಂದು ಕೇಳಿ. 'ಕಂಪ್ಯೂಟರ್ ಏನಾದರೂ ಇದ್ದರೆ ಹೇಳಿ' ಎಂದರೆ ಯಾರೂ ಕರೆಯುವುದಿಲ್ಲ. 'ನಿಮ್ಮಲ್ಲಿರುವ ಎಲ್ಲ ಕಂಪ್ಯೂಟರ್‌ಗಳ ಪಟ್ಟಿ ಮಾಡಿ, ಬ್ಯಾಕಪ್ ಇದೆಯೇ, ಇನ್ನೂ ವಿಂಡೋಸ್ 10ರಲ್ಲಿ ಯಾವುವು ಉಳಿದಿವೆ ಎಂದು ನೋಡಿಕೊಡುತ್ತೇನೆ' ಎಂದು ನಿರ್ದಿಷ್ಟವಾಗಿ ಹೇಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ಕೆಲಸ ಅವರಿಗೂ ನಿಜವಾಗಿ ಬೇಕಾಗಿರುತ್ತದೆ. ಕೈ ಹಾಕುವ ಮುನ್ನ ಮೂರು ವಿಷಯಗಳಲ್ಲಿ ಬಿಗಿಯಾಗಿರಿ: ಜವಾಬ್ದಾರಿ ಇರುವವರಿಂದ ಬರಹದಲ್ಲಿ ಒಪ್ಪಿಗೆ, ಬ್ಯಾಕಪ್, ಮತ್ತು ಬಿಟ್‌ಲಾಕರ್‌ನ (ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್ ಸೌಲಭ್ಯ) 48 ಅಂಕಿಗಳ ರಿಕವರಿ ಕೀ. ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಯಂತ್ರ ಆ ಕೀ ಕೇಳಿ, ಅದು ಯಾರ ಬಳಿಯೂ ಇಲ್ಲದಿದ್ದರೆ ಒಳಗಿನ ಮಾಹಿತಿ ಹೋದಂತೆಯೇ. ಯಾರ ಪಾಸ್‌ವರ್ಡನ್ನೂ ಕೇಳಿ ಬರೆದಿಟ್ಟುಕೊಳ್ಳಬೇಡಿ, ಅವರಿಂದಲೇ ಟೈಪ್ ಮಾಡಿಸಿ. ಕೆಲಸ ಮುಗಿದ ಮೇಲೆ ಅಲ್ಲಿನ ಮುಖ್ಯಸ್ಥರ ಹೆಸರನ್ನು ರೆಫರೆನ್ಸ್ ಆಗಿ ಕೊಡಬಹುದೇ ಎಂದು ಅವರನ್ನೇ ಕೇಳಿ. ಈ ಒಂದು ಹೆಸರಿನ ಬೆಲೆ ಮೂರನೆಯ ಸರ್ಟಿಫಿಕೇಟ್‌ಗಿಂತ ಹೆಚ್ಚು.

ಇನ್ನು ರೆಸ್ಯೂಮೆ. ಒಂದೇ ಪುಟ ಇರಲಿ. ಚಿತ್ರ, ಕೋಷ್ಟಕ, ಎರಡು ಕಾಲಮ್ ಬೇಡ. ಅರ್ಜಿಗಳನ್ನು ಓದುವ ತಂತ್ರಾಂಶಗಳು ಅವುಗಳಲ್ಲಿ ಮುಗ್ಗರಿಸುತ್ತವೆ. ಕೌಶಲಗಳಿಗೆ ಐದು ನಕ್ಷತ್ರದಲ್ಲಿ ನಾಲ್ಕು ಎಂದು ಅಂಕ ಕೊಟ್ಟುಕೊಳ್ಳುವುದೂ ಬೇಡ. ಲ್ಯಾಬನ್ನು 'ಪ್ರಾಜೆಕ್ಟ್' ಎಂಬ ತಲೆಬರಹದಡಿ ಹಾಕಿ, 'ಉದ್ಯೋಗ ಅನುಭವ' ಎಂಬುದರಡಿ ಹಾಕಬೇಡಿ. ಹಿನ್ನೆಲೆ ಪರಿಶೀಲನೆಯಲ್ಲಿ ಸುಳ್ಳು ಅನುಭವ ಸಿಕ್ಕಿಬಿದ್ದರೆ ಆ ಕೆಲಸವಷ್ಟೇ ಅಲ್ಲ, ಹೆಸರೂ ಹೋಗುತ್ತದೆ. ಲ್ಯಾಬ್‌ನ ಸಾಲು 'ಆಕ್ಟಿವ್ ಡೈರೆಕ್ಟರಿ ಜ್ಞಾನ' ಎಂದಿರುವ ಬದಲು 'ವಿಂಡೋಸ್ ಸರ್ವರ್ ಡೊಮೇನ್ ಸ್ಥಾಪಿಸಿ, ಖಾತೆ ಲಾಕ್‌ಔಟ್, ಡಿಎನ್‌ಎಸ್, ಫೋಲ್ಡರ್ ಅನುಮತಿ ದೋಷಗಳನ್ನು ಲಾಗ್ ಮೂಲಕ ಪತ್ತೆಹಚ್ಚಿ 20 ಟಿಕೆಟ್‌ಗಳಲ್ಲಿ ದಾಖಲಿಸಿದ್ದೇನೆ' ಎಂದಿರಲಿ.

ಕೌಂಟರ್‌ನ ಎರಡು ವರ್ಷವನ್ನು ನೀವು ಕೀಳಾಗಿ ಎಣಿಸಿದಂತಿದೆ. ಸಪೋರ್ಟ್ ಕೆಲಸದ ಅರ್ಧ ಭಾಗ ಸಿಟ್ಟಿನಲ್ಲಿರುವವರ ಮಾತು ಕೇಳಿಸಿಕೊಳ್ಳುವುದು, ಅವರಿಗೆ ಅರ್ಥವಾಗುವ ಹಾಗೆ ಹೇಳುವುದು, ಕೊಟ್ಟ ಮಾತಿಗೆ ಸರಿಯಾಗಿ ಮತ್ತೆ ಕರೆ ಮಾಡುವುದು. ತಂತ್ರಜ್ಞಾನ ಆರು ತಿಂಗಳಲ್ಲಿ ಕಲಿಸಬಹುದು, ಈ ತಾಳ್ಮೆ ಕಲಿಸುವುದು ಕಷ್ಟ ಎಂದು ಮ್ಯಾನೇಜರ್‌ಗಳಿಗೆ ಚೆನ್ನಾಗಿ ಗೊತ್ತು. ದಿನಕ್ಕೆ ಸುಮಾರು ಎಷ್ಟು ಗ್ರಾಹಕರು, ಎಂಥ ದೂರುಗಳು, ಬಿಲ್ಲಿಂಗ್ ಯಂತ್ರ ಅಥವಾ ಕಾರ್ಡ್ ಯಂತ್ರ ಕೈಕೊಟ್ಟಾಗ ಏನು ಮಾಡುತ್ತಿದ್ದಿರಿ, ಹೊಸಬರಿಗೆ ಕಲಿಸಿದ್ದಿರೇ ಎಂಬುದನ್ನು ಬರೆಯಿರಿ.

ಹುಡುಕುವಾಗ 'ಐಟಿ ಸಪೋರ್ಟ್' ಎಂಬ ಒಂದೇ ಪದಕ್ಕೆ ಅಂಟಿಕೊಳ್ಳಬೇಡಿ. ಸರ್ವಿಸ್ ಡೆಸ್ಕ್, ಹೆಲ್ಪ್ ಡೆಸ್ಕ್, ಡೆಸ್ಕ್‌ಟಾಪ್ ಸಪೋರ್ಟ್, ಫೀಲ್ಡ್ ಟೆಕ್ನಿಷಿಯನ್, ಎಲ್1, ಡಿಪ್ಲಾಯ್‌ಮೆಂಟ್ ಟೆಕ್ನಿಷಿಯನ್, ಎನ್‌ಒಸಿ (ನೆಟ್‌ವರ್ಕ್ ನಿಗಾ ಕೇಂದ್ರ) ಹೀಗೆ ಒಂದೇ ಹಂತದ ಕೆಲಸಗಳಿಗೆ ಹತ್ತಾರು ಹೆಸರುಗಳಿವೆ. ಹೊಸಬರಿಗೆ ಒಳ್ಳೆಯ ಜಾಗ ಎಂದರೆ ಹಲವು ಸಣ್ಣ ಕಂಪನಿಗಳ ಐಟಿಯನ್ನು ಗುತ್ತಿಗೆಗೆ ನೋಡಿಕೊಳ್ಳುವ ಮ್ಯಾನೇಜ್ಡ್ ಸರ್ವಿಸ್ ಸಂಸ್ಥೆಗಳು. ಕೆಲಸದ ಒತ್ತಡ ಹೆಚ್ಚು, ಆದರೆ ಬೇರೆ ಬೇರೆ ಗ್ರಾಹಕರ ಬೇರೆ ಬೇರೆ ವ್ಯವಸ್ಥೆಗಳ ಮೇಲೆ ಕೈಯಾಡುವುದರಿಂದ ಕಲಿಕೆ ವೇಗವಾಗಿ ಸಾಗುತ್ತದೆ. ನೂರಾರು ಲ್ಯಾಪ್‌ಟಾಪ್ ಬದಲಿಸುವಂಥ ಮೂರು ತಿಂಗಳ ಗುತ್ತಿಗೆ ಕೆಲಸವನ್ನೂ ಬಿಡಬೇಡಿ, 'ನಿಜವಾದ ಅನುಭವ ಏನಿದೆ' ಎಂಬ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು. ರಾತ್ರಿ ಪಾಳಿಗೆ ಅರ್ಜಿಗಳು ಕಡಿಮೆ, ನಿಮಗೆ ಸಾಧ್ಯವಿದ್ದರೆ ಅದೂ ಒಂದು ದಾರಿ. ಬರೆದುಕೊಟ್ಟದ್ದನ್ನು ಓದುವುದಷ್ಟೇ ಕೆಲಸವಾಗಿರುವ ಕಾಲ್ ಸೆಂಟರ್ ಸಿಕ್ಕಿದರೆ ಸೇರಬಹುದು, ಆದರೆ ಟಿಕೆಟ್ ತಂತ್ರಾಂಶ, ರಿಮೋಟ್ ಸಪೋರ್ಟ್, ಖಾತೆ ನಿರ್ವಹಣೆ ಇವುಗಳಲ್ಲಿ ಯಾವುದಕ್ಕೂ ಕೈ ಹಾಕಲು ಬಿಡುವುದಿಲ್ಲ ಎಂದಾದರೆ ಅಲ್ಲಿ ಬಹಳ ಕಾಲ ಉಳಿಯಬೇಡಿ. ಕೆಲಸ ಕೊಡಲು ನಿಮ್ಮಿಂದಲೇ ನೋಂದಣಿ ಶುಲ್ಕ, ತರಬೇತಿ ಠೇವಣಿ ಕೇಳುವವರಿಂದ ದೂರವಿರಿ. ಅನುಭವದ ಕಾಲಮ್‌ನಲ್ಲಿ ಒಂದೆರಡು ವರ್ಷ ಎಂದಿದ್ದು ಉಳಿದ ಬೇಡಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಮಗೆ ಹೊಂದಿದರೆ ಧೈರ್ಯವಾಗಿ ಅರ್ಜಿ ಹಾಕಿ. ಐದು ವರ್ಷ ಎಂದಿದ್ದರೆ ಬಿಡಿ.

ಸಂದರ್ಶನದಲ್ಲಿ ಬಹುತೇಕ ಖಂಡಿತವಾಗಿ ಬರುವ ಪ್ರಶ್ನೆ: 'ಒಬ್ಬರು ಇಂಟರ್ನೆಟ್ ಇಲ್ಲ ಎಂದು ಕರೆ ಮಾಡಿದ್ದಾರೆ, ಏನು ಮಾಡುತ್ತೀರಿ?' ಉತ್ತರವನ್ನು ಪರಿಹಾರದಿಂದ ಶುರುಮಾಡಬೇಡಿ, ಪ್ರಶ್ನೆಗಳಿಂದ ಶುರುಮಾಡಿ. ಅವರೊಬ್ಬರಿಗೋ ಪಕ್ಕದವರಿಗೂ ಇದೆಯೋ? ಎಲ್ಲ ಸೈಟ್‌ಗಳೋ ಒಂದೇ ಸೈಟೋ? ಯಾವಾಗಿನಿಂದ, ಅದಕ್ಕೆ ಮುಂಚೆ ಏನು ಬದಲಾಯಿತು? ತೆರೆಯ ಮೇಲೆ ನಿಖರವಾಗಿ ಏನು ಬರೆದಿದೆ? ಎಲ್ಲರಿಗೂ ಇದ್ದರೆ ಅದು ತಕ್ಷಣ ಮೇಲಕ್ಕೆ ಹೋಗಬೇಕಾದ ಘಟನೆ, ಒಬ್ಬರ ಯಂತ್ರ ಬಿಚ್ಚುತ್ತ ಕೂರುವುದಲ್ಲ. ಒಬ್ಬರಿಗೇ ಎಂದಾದರೆ ಕೇಬಲ್ ಅಥವಾ ವೈಫೈ, ಐಪಿ ವಿಳಾಸ, ಗೇಟ್‌ವೇಗೆ ಪಿಂಗ್, ಹೊರಗಿನ ಐಪಿಗೆ ಪಿಂಗ್, ಎನ್‌ಎಸ್‌ಲುಕಪ್ (ಡಿಎನ್‌ಎಸ್ ಪರೀಕ್ಷಿಸುವ ಆಜ್ಞೆ) ಎಂಬ ಕ್ರಮದಲ್ಲಿ ಹೋಗಿ, ಪ್ರತಿ ಹಂತದ ಫಲಿತಾಂಶ ಯಾವ ಸಾಧ್ಯತೆಯನ್ನು ಕೈಬಿಡುತ್ತದೆ ಎಂದು ಬಾಯಿಬಿಟ್ಟು ಹೇಳಿ. ಅವರು ಕೇಳುತ್ತಿರುವುದು ನಿಮ್ಮ ಯೋಚನೆಯ ಸರಣಿಯನ್ನು.

ಇನ್ನೊಂದು ಪ್ರಶ್ನೆಯಲ್ಲಿ ಬುದ್ಧಿವಂತರೂ ಎಡವುತ್ತಾರೆ: 'ನಾನು ನಿರ್ದೇಶಕ, ತುರ್ತಾಗಿ ಪಾಸ್‌ವರ್ಡ್ ಬದಲಿಸಿ ಎಂದು ಕರೆ ಬಂದರೆ?' ಕೂಡಲೇ ಮಾಡಿಕೊಡುತ್ತೇನೆ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಸಹಾಯ ಮಾಡುವ ಉತ್ಸಾಹವನ್ನೇ ಬಳಸಿಕೊಂಡು ವಂಚಕರು ಒಳಗೆ ನುಗ್ಗುವ ಹಳೆಯ ದಾರಿ ಇದು. ಸಂಸ್ಥೆಯ ನಿಯಮದಂತೆ ಗುರುತು ಖಚಿತಪಡಿಸಿಕೊಳ್ಳುತ್ತೇನೆ, ದಾಖಲೆಯಲ್ಲಿರುವ ಅವರ ಸಂಖ್ಯೆಗೆ ನಾನೇ ಮರಳಿ ಕರೆ ಮಾಡುತ್ತೇನೆ, ಆಗದಿದ್ದರೆ ಮೇಲಿನವರಿಗೆ ತಿಳಿಸುತ್ತೇನೆ ಎನ್ನಿ. ಗೊತ್ತಿಲ್ಲದ ಪ್ರಶ್ನೆ ಬಂದಾಗ ಊಹಿಸಿ ಹೇಳಬೇಡಿ. 'ಇದನ್ನು ನಾನು ನೋಡಿಲ್ಲ, ಮೊದಲು ಇಲ್ಲಿ ಹುಡುಕುತ್ತೇನೆ, ಇಷ್ಟು ಹೊತ್ತಿನಲ್ಲಿ ಸಿಗದಿದ್ದರೆ ಮಾಡಿ ನೋಡಿದ್ದನ್ನೆಲ್ಲ ಬರೆದು ಎಲ್2ಗೆ ಕೊಡುತ್ತೇನೆ' ಎಂಬುದು ಪೂರ್ಣ ಅಂಕದ ಉತ್ತರ.

ಕೊನೆಗೆ ನೀವು ಕೇಳಿದ ನೆಟ್‌ವರ್ಕ್ ಪ್ಲಸ್, ಸಿಸಿಎನ್‌ಎ. ಸಿಸಿಎನ್‌ಎ ನೆಟ್‌ವರ್ಕ್ ಎಂಜಿನಿಯರ್ ದಾರಿಯ ಪರೀಕ್ಷೆ. ಸ್ವಿಚ್, ರೌಟರ್ ಕಾನ್ಫಿಗರ್ ಮಾಡುವ ಕೆಲಸದತ್ತ ಒಲವಿದ್ದರೆ ಮಾತ್ರ ಅದಕ್ಕೆ ಹೋಗಿ, ಹೆಲ್ಪ್ ಡೆಸ್ಕ್‌ಗೆ ಅದು ಬೇಕಾದುದಕ್ಕಿಂತ ಹೆಚ್ಚು. ಡೆಸ್ಕ್‌ಟಾಪ್ ಸಪೋರ್ಟ್‌ನಲ್ಲೇ ಮೇಲೇರುವ ಆಸೆ ಇದ್ದರೆ, ಕೆಲಸ ಸಿಕ್ಕಿ ಇಂಟ್ಯೂನ್ (ಕಂಪನಿಯ ಯಂತ್ರಗಳನ್ನು ಕ್ಲೌಡ್‌ನಿಂದ ನಿಭಾಯಿಸುವ ತಂತ್ರಾಂಶ) ಕೈಗೆ ಬಂದ ಮೇಲೆ ಮೈಕ್ರೋಸಾಫ್ಟ್‌ನ ಎಂಡಿ-102 ಸರ್ಟಿಫಿಕೇಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದನ್ನು ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬಹುದು. ನಿಮ್ಮ ಎ ಪ್ಲಸ್‌ನ ಅವಧಿ ಮೂರು ವರ್ಷ. ಅದು ಮುಗಿಯುವುದರೊಳಗೆ ನೆಟ್‌ವರ್ಕ್ ಪ್ಲಸ್ ಪಾಸಾದರೆ ಎ ಪ್ಲಸ್ ಕೂಡ ತಾನಾಗಿ ನವೀಕರಣವಾಗುತ್ತದೆ. ಆದ್ದರಿಂದ ನೆಟ್‌ವರ್ಕ್ ಪ್ಲಸ್ ಮಾಡುವುದೇ ಆದರೆ ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಿ. ಆ ಹೊತ್ತಿಗೆ ನೀವು ಕೆಲಸದಲ್ಲಿದ್ದರೆ ಶುಲ್ಕವನ್ನು ಸಂಸ್ಥೆಯೇ ಕೊಡುತ್ತದೆಯೇ ಎಂದು ಕೇಳಿ ನೋಡಿ. ಯಾವ ಪರೀಕ್ಷೆಗೇ ಆಗಲಿ, ಕದ್ದು ತಂದ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಬೇಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟನ್ನೇ ರದ್ದುಮಾಡುತ್ತಾರೆ, ಸಿಕ್ಕಿಬೀಳದಿದ್ದರೂ ಮೊದಲ ವಾರದ ಟಿಕೆಟ್‌ಗಳಲ್ಲೇ ಅದು ಗೊತ್ತಾಗಿಬಿಡುತ್ತದೆ.